ಗಡಿಯಾರದವನ ಡೋಸು

ಫೆಬ್ರವರಿ 9

ಪುಟ್ಟೀ,

ಫೋನ್ ಎತ್ತಲ್ಲ ಅಂತ ಶಪಥ ಮಾಡಿದೀಯಲ್ಲ, ಅದಕ್ಕೇ ಈ ಕಾಗದ. ಕಾಗದದಲ್ಲಿ ಇನ್ನೊಬ್ಬರ ದನಿ ತೆಗೆಯೋಕೆ ಆಗಲ್ಲ, ಧೈರ್ಯವಾಗಿ ಓದು. ಇದು ನಾನೇ, ನಿಮ್ಮಪ್ಪ. ಬಂದ ರೈಲು ಬಾರದ ರೈಲು ಎಲ್ಲವನ್ನೂ ಸ್ಟೇಷನ್ ಮೈಕಿನಲ್ಲಿ ಒಂದೇ ಉತ್ಸಾಹದಿಂದ ಕೂಗಿ ಕೂಗಿ ರಿಟೈರ್ ಆದವನು.

ವಿಷಯ ಏನಪ್ಪಾ ಅಂದ್ರೆ, ಈಗ ನಮ್ಮಿಬ್ಬರದು ಅಪ್ಪಟ ರಕ್ತಸಂಬಂಧ. ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ಹೋದ ಅಕ್ಟೋಬರಿನಲ್ಲಿ ಮುದುಕರಿಗೆಲ್ಲ ಕೊರೋನಾ ಬೂಸ್ಟರ್ ಹಾಕಿದ್ರು. ಬೂಷ್ಟು ಹಿಡಿದವರಿಗೆ ಬೂಸ್ಟರ್ ಅಂದೆ ನಾನು. ನರ್ಸಮ್ಮ ಒಬ್ಬಳನ್ನ ಬಿಟ್ಟು ಎಲ್ಲರೂ ನಕ್ಕರು. ಆ ಮದ್ದು ನಮ್ಮಂಥವರ ಮೈಯಲ್ಲಿ ಎಷ್ಟು ಕಾಲ ನಿಲ್ಲುತ್ತೆ ಅಂತ ನೋಡೋಕೆ ಈಗ ಆಗಾಗ ಕರೆದು ರಕ್ತ ತೆಗೀತಾರೆ. ಸೀಸೆ ಎಲ್ಲಿಗೆ ಹೋಗುತ್ತಮ್ಮ ಅಂತ ಕೇಳಿದ್ರೆ ನಿನ್ನ ಲ್ಯಾಬಿನ ಹೆಸರೇ ಹೇಳಿದ್ಲು. ನಾನು ಬರಬಾರದ ಮನೆಗೆ ನನ್ನ ರಕ್ತ ಬರ್ತಿದೆ. ಬಾಗಿಲು ಹಾಕ್ಕೋಬೇಡ.

ಹೊಸ ಡೋಸು ಸ್ವಲ್ಪವೇ ಇದೆಯಂತೆ. ಯಾರ ರಕ್ತದಲ್ಲಿ ಬಲ ಇಳಿದಿದೆಯೋ ಅವರನ್ನ ಮೊದಲು ಕರೀತಾರೆ, ಗಟ್ಟಿ ಇದ್ದವರು ಕಾಯಬೇಕು.

ಗಡಿಯಾರದವನೂ ನನ್ನ ಜೊತೇಲೇ ಬರ್ತಾನೆ. ಸ್ಟೇಷನ್ ಎದುರು ಅಂಗಡಿ ಇಟ್ಕೊಂಡು, ನನ್ನ ಅನೌನ್ಸ್‌ಮೆಂಟ್ ಕೇಳಿ ಗಡಿಯಾರಕ್ಕೆ ಟೈಮ್ ಇಟ್ಟು, ಊರಿನವರನ್ನೆಲ್ಲ ಲೇಟ್ ಮಾಡಿದ ಮಹಾನುಭಾವ. ಕೈಗಡಿಯಾರದ ಹೊಟ್ಟೆ ಬಗೆಯೋನಿಗೆ ಸೂಜಿ ಕಂಡ್ರೆ ಜೀವ ಹೋಗುತ್ತೆ. ತಲೆ ಹಿಂದಕ್ಕೆ ಹಾಕಿ ಕಣ್ಣು ಮುಚ್ಕೋತಾನೆ. ಅವನ ಹೆಂಡತಿ, ನಾನು ತಂಗಿ ಅಂತಲೇ ಕರೆಯೋದು, ಹಿಂದಿನ ಸಾಲಲ್ಲಿ ಅವನ ಬ್ಯಾಗ್ ಹಿಡ್ಕೊಂಡು ಕೂತಿರ್ತಾಳೆ. ಒಂದೇ ಕಂಬಿಗೆ ಪೋಣಿಸಿದ ಕುರ್ಚಿಗಳು. ಒಬ್ಬರು ಎದ್ರೆ ಉಳಿದವರೆಲ್ಲ ಕುಣೀತಾರೆ.

ನಿಜವಾಗಿ ಹೇಳು, ಎಷ್ಟು ಕಾಲ ಇರುತ್ತೆ ಇದರ ಬಲ? ಮತ್ತೆ, ಅಷ್ಟೊಂದು ಸೀಸೆ ಮಧ್ಯೆ ನಿಮ್ಮಪ್ಪನ ರಕ್ತ ಯಾವುದು ಅಂತ ನಿನಗೆ ಗೊತ್ತಾಗುತ್ತಾ?

ಇತಿ ನಿನ್ನ ಅರ್ಧ ರಕ್ತ,
ಅಪ್ಪ


ಫೆಬ್ರವರಿ 24

ಅಪ್ಪನಿಗೆ,

ಉತ್ತರ ಬರೀಬಾರದು ಅಂತಿದ್ದೆ. ನೀವು ಕೇಳಿದ ಮೊದಲ ಪ್ರಶ್ನೆ ದಾರೀಲಿ ಹೋಗೋರು ಕೇಳಿದ್ರೂ ನಾನು ಹೇಳಬೇಕಾದದ್ದು, ಅದಕ್ಕೆ ಬರೀತಿದೀನಿ.

ಬೂಸ್ಟರ್ ಹಾಕಿದ ಮೇಲೆ ಕೆಲವು ವಾರ ರಕ್ತದಲ್ಲಿ ಪ್ರತಿಕಾಯ ಏರುತ್ತೆ, ಆಮೇಲೆ ಇಳಿಯುತ್ತೆ. ಸೋಂಕೇ ತಗಲದ ಹಾಗೆ ತಡೆಯೋ ಬಲ ಕೆಲವೇ ತಿಂಗಳಲ್ಲಿ ಕಮ್ಮಿಯಾಗುತ್ತೆ. ಆಸ್ಪತ್ರೆ ಸೇರದ ಹಾಗೆ, ಸಾಯದ ಹಾಗೆ ಕಾಪಾಡೋ ಬಲ ಅದಕ್ಕಿಂತ ಹೆಚ್ಚು ಕಾಲ ಇರುತ್ತೆ. ಆದ್ರೆ ಅದೂ ಸವೆಯುತ್ತೆ, ವಯಸ್ಸಾದವರಲ್ಲಿ ಇನ್ನೂ ಬೇಗ. ಪ್ರತಿಕಾಯದ ಲೆಕ್ಕವೇ ಎಲ್ಲಾ ಅಲ್ಲ, ಆದ್ರೂ ಏನೂ ಗೊತ್ತಿಲ್ಲದೆ ಇರೋದಕ್ಕಿಂತ ವಾಸಿ. ಮುಖ ನೋಡಿ ಹೇಳೋಕಾಗಲ್ಲ. ಗುಂಡುಕಲ್ಲಿನ ಹಾಗೆ ಓಡಾಡೋರ ರಕ್ತದಲ್ಲೂ ಏನೂ ಉಳಿದಿರಲ್ಲ.

ಎರಡನೇ ಪ್ರಶ್ನೆಗೆ ಉತ್ತರ: ಸಾವಿರಗಟ್ಟಲೆ ಸೀಸೆ ಬರುತ್ತೆ. ಎಲ್ಲರ ರಕ್ತವೂ ಕೆಂಪಗೇ ಇರುತ್ತೆ. ನಿಮ್ಮದು ಯಾವುದು ಅಂತ ತಿಳಿಯೋ ಆಸೆ ನನಗಿಲ್ಲ.

ಫೋನ್ ಯಾಕೆ ಎತ್ತಲ್ಲ ಅನ್ನೋದನ್ನ ನೀವು ತಮಾಷೆಯಾಗಿ ಬರೆದಿದೀರಿ. ನೆನಪು ಮಾಡ್ತೀನಿ. ಮೊದಲು ನನ್ನ ಮೇಲಧಿಕಾರಿ ದನಿಯಲ್ಲಿ ಫೋನ್ ಮಾಡಿ ರಜಾ ದಿನ ಆಫೀಸಿಗೆ ಓಡಿಸಿದ್ರಿ. ನಕ್ಕೆ. ಆಮೇಲೆ ಡಾಕ್ಟರ ದನಿಯಲ್ಲಿ "ನಿಮ್ಮ ತಾಯಿ ಹೋಗಿಬಿಟ್ರಮ್ಮ" ಅಂದ್ರಿ. ಬಸ್ಸಿನ ತುಂಬಾ ಅಳ್ತಾ ಬಂದು ನೋಡಿದ್ರೆ ಅಮ್ಮ ಬಾಗಿಲಲ್ಲಿ ಒದ್ದೆ ಬಟ್ಟೆ ಹಿಂಡ್ತಾ ನಿಂತಿದ್ಲು. ನೀವು ಹೊಟ್ಟೆ ಹಿಡ್ಕೊಂಡು ನಗ್ತಿದ್ರಿ. ಮಾರನೇ ವರ್ಷ ನಿಜವಾದ ಡಾಕ್ಟರು ಅದೇ ಮಾತು ಹೇಳೋಕೆ ಫೋನ್ ಮಾಡಿದ್ರು. ನಾನು "ಸಾಕಪ್ಪ" ಅಂದು ಇಟ್ಟುಬಿಟ್ಟೆ. ಎಲ್ಲಾ ಮುಗಿದ ಮೇಲೆ ಬಂದೆ.

'ತೋಳ ಬಂತು ತೋಳ' ಕಥೆ ಹೇಳೋರೆಲ್ಲ ಕೂಗಿದವನ ಮಾತೇ ಆಡ್ತಾರೆ. ಕುರಿ ಬಗ್ಗೆ ಯಾರೂ ಕೇಳಲ್ಲ. ಕುರಿ ನಮ್ಮಮ್ಮ.

ಇತಿ,
ರಕ್ತಪರೀಕ್ಷೆ ವಿಭಾಗದಿಂದ


ಮಾರ್ಚ್ 11

ಪುಟ್ಟೀ,

ವಿಭಾಗದಿಂದ ಬಂದ ಕಾಗದ ಮುಟ್ಟಿತು. ನನ್ನನ್ನ 'ನೀವು' ಅಂದಿದೀಯ. ನಾಲ್ಕು ವರ್ಷದವಳಿದ್ದಾಗ ನನ್ನ ಹೆಗಲ ಮೇಲೆ ಕೂತು "ಲೇ ಅಪ್ಪಾ, ಓಡು" ಅಂತಿದ್ದೆ. ಮರ್ಯಾದೆ ಕೊಟ್ಟೇ ದೂರ ತಳ್ಳೋದು ನಿಮ್ಮಮ್ಮನ ವಿದ್ಯೆ, ನಿನಗೂ ಬಂದಿದೆ.

ಪ್ರತಿಕಾಯದ ವಿಷಯ ಗಡಿಯಾರದವನಿಗೆ ಓದಿ ಹೇಳಿದೆ. ಪ್ರತಿಕಾಯ ಕಾಯುತ್ತಂತೆ ಕಣೋ, ಆದ್ರೆ ಕಾಯಂ ಅಲ್ಲವಂತೆ ಅಂದೆ. ಅವನು ಗಂಭೀರವಾಗಿ ತಲೆಯಾಡಿಸಿ, "ಕೀ ಕೊಟ್ಟ ಗಡಿಯಾರ ಅನ್ನು. ಸ್ಪ್ರಿಂಗ್ ಹಳೇದಾದಷ್ಟೂ ಬೇಗ ಕೀ ಇಳಿಯುತ್ತೆ" ಅಂದ. ನನ್ನ ಸ್ಪ್ರಿಂಗೇ ಗಟ್ಟಿ ಅಂತ ನಾನು, ಅವನದೇ ಗಟ್ಟಿ ಅಂತ ಅವನು. ತಂಗಿ ಒಳಗಿಂದ "ಇಬ್ಬರದೂ ಸಡಿಲ, ಬಂದು ಟೀ ಕುಡೀರಿ" ಅಂದ್ಲು.

ಒಂದು ಅನುಮಾನ. ಚುಚ್ಚುಮದ್ದಿನ ಪ್ರಭಾವ ಕೆಲವೇ ತಿಂಗಳು ಅಂದೆ. ಚುಚ್ಚುಮಾತಿನದು ಎಷ್ಟು ಕಾಲ ಅಂತ ನಿಮ್ಮ ವಿಭಾಗದಲ್ಲಿ ಯಾರಾದ್ರೂ ಅಳೆದಿದ್ದಾರಾ? ನಿನ್ನ ಹೋದ ಕಾಗದ ಇನ್ನೂ ಇಳಿದಿಲ್ಲ, ಅದಕ್ಕೆ ಕೇಳ್ದೆ.

ಮುಂದಿನ ವಾರ ಮತ್ತೆ ರಕ್ತ ತೆಗೀತಾರೆ. ಯಾವುದು ನನ್ನದು ಅಂತ ತಿಳಿಯೋ ಆಸೆ ಇಲ್ಲ ಅಂದಿದೀಯ. ನೋಡೋಣ.

ಇತಿ ನಿನ್ನ ಹಳೇ ಸ್ಪ್ರಿಂಗು,
ಅಪ್ಪ

(ಇಲ್ಲಿಂದ ಕೆಳಗೆ ಬೇರೆ ಕೈಬರಹ.) ಮಗು, ನಾನು ಗಡಿಯಾರ ಮಾವ. ನಿಮ್ಮಪ್ಪ ಟೀ ಕುಡಿಯೋಕೆ ಒಳಗೆ ಹೋಗಿದ್ದಾನೆ, ಅದಕ್ಕೆ ಕದ್ದು ಬರೀತಿದೀನಿ. ಅವನು ದಿನಾ ನಿನ್ನ ನಂಬರ್ ಒತ್ತುತಾನೆ, ರಿಂಗ್ ಆಗೋಕೆ ಮುಂಚೆ ಇಟ್ಟುಬಿಡ್ತಾನೆ. ಒಂದು ಸಲ ಎತ್ತಮ್ಮ. ಅವನು ನನಗೂ ಎಷ್ಟೋ ಮಾಡಿದ್ದಾನೆ, ನಾನು ಬಿಟ್ಟಿದೀನಾ? ಅವನನ್ನ ಕ್ಷಮಿಸೋಕೆ ಕಾರಣ ಹುಡುಕ್ತಾ ಕೂರಬಾರದು, ಸಿಗಲ್ಲ. ಸುಮ್ನೆ ಕ್ಷಮಿಸಿಬಿಡಬೇಕು.


ಏಪ್ರಿಲ್ 20

ಅಪ್ಪ,

ನೋಡಬಾರದು ಅಂದ್ಕೊಂಡೇ ನೋಡಿದೆ. ನಿಮ್ಮ ಊರಿನ ಪೆಟ್ಟಿಗೆ ಬಂದಾಗ ಬೇರೆಯವರಿಗೆ ಕೊಡದೆ ನಾನೇ ಕೂತೆ. ನಿಮ್ಮ ಸೀಸೆ ಬಂತು. ತುಂಬಾ ಇಳಿದಿದೆ ಅಪ್ಪ. ಇಲ್ಲವೇ ಇಲ್ಲ ಅನ್ನೋ ಹಾಗಿದೆ. ತಪ್ಪಾಗಿರಬಹುದು ಅಂತ ಇನ್ನೊಂದು ಸಲ ಹಾಕಿದೆ. ಅಷ್ಟೇ ಬಂತು.

ಹೀಗೆ ಹೇಳೋದು ನಿಯಮಕ್ಕೆ ವಿರುದ್ಧ. ಹೇಳ್ತಿದೀನಿ. ಕೇಂದ್ರದಿಂದ ನಿಮಗೆ ಕರೆ ಬರುತ್ತೆ, ಬಂದ ದಿನವೇ ಹೋಗಿ ಹಾಕಿಸ್ಕೊಳ್ಳಿ. ಅಲ್ಲೀವರೆಗೆ ಜನ ಸೇರೋ ಕಡೆ ಹೋಗಬೇಡಿ. ಮಾಸ್ಕ್ ಗಲ್ಲಕ್ಕೆ ಹಾಕೋದಲ್ಲ, ಮೂಗಿಗೆ.

ಪಕ್ಕದಲ್ಲೇ ಗಡಿಯಾರ ಮಾವನ ಸೀಸೆ ಇತ್ತು. ಅವರದು ನಡುವಯಸ್ಸಿನವರ ಹಾಗೆ ಗಟ್ಟಿ. ಅವರನ್ನ ಈಗಲೇ ಕರೆಯಲ್ಲ. ಪಂದ್ಯ ಅವರು ಗೆದ್ದರು ಅಂತ ಹೇಳಿ.

ಸೀಸೆ ಕೈಯಲ್ಲಿ ಹಿಡಿದಾಗ ತಣ್ಣಗಿತ್ತು. ಸುಮಾರು ಹೊತ್ತು ಕೆಳಗೆ ಇಡಲಿಲ್ಲ. ಯಾಕೆ ಅಂತ ಕೇಳಬೇಡಿ.

ಮಗಳು


ಮೇ 6

ನನ್ನ ಪುಟ್ಟೀ,

ಡೋಸು ಹಾಕಿಸ್ಕೊಂಡೆ. ಎಡತೋಳು ಎರಡು ದಿನ ನೋವಿತ್ತು, ಈಗ ಹಾರಿದ್ರೆ ಸೂರಿಗೆ ಬಡಿಯೋ ಹಾಗಿದೀನಿ. ಈಗ ಕುರ್ಚಿ ಮೇಲೆ ಸರಿಯಾಗಿ ಕೂತ್ಕೋ.

ನೀನು ಕೈಯಲ್ಲಿ ಹಿಡಿದು ತಣ್ಣಗಿದೆ ಅಂದ್ಯಲ್ಲ, ಅದು ನನ್ನ ರಕ್ತ ಅಲ್ಲ.

ನರ್ಸಮ್ಮ ನನ್ನ ಸೀಸೆ, ಗಡಿಯಾರದವನ ಸೀಸೆ ಎರಡಕ್ಕೂ ಹೆಸರಿನ ಚೀಟಿ ಅಂಟಿಸಿ ಟ್ರೇಯಲ್ಲಿಟ್ಟು ಹತ್ತಿ ತರೋಕೆ ತಿರುಗಿದ್ಲು. ಇವನು ಎಂದಿನ ಹಾಗೆ ಕಣ್ಣು ಮುಚ್ಚಿ ಸ್ವರ್ಗದ ಬಾಗಿಲಲ್ಲಿದ್ದ. ತಂಗಿ ಹಿಂದೆ ಬ್ಯಾಗಲ್ಲಿ ಏನೋ ಹುಡುಕ್ತಿದ್ಲು. ಚೀಟಿ ಇನ್ನೂ ಹಸಿ. ಸರಕ್ಕನೆ ಬಿಡಿಸಿ ಅದಕ್ಕೆ ಇದು, ಇದಕ್ಕೆ ಅದು. ಯಾರೂ ನೋಡ್ಲಿಲ್ಲ. ನನ್ನ ಕೈ ಇನ್ನೂ ಅಷ್ಟು ಚುರುಕು.

ಎಲ್ಲರ ರಕ್ತವೂ ಕೆಂಪಗಿರುತ್ತೆ ಅಂತ ಬರೆದಿದ್ಯಲ್ಲ, ಪರೀಕ್ಷೆ ಮಾಡೋಣ ಅನ್ನಿಸ್ತು. ಹೆತ್ತ ಮಗಳಿಗೆ ಅಪ್ಪನ ರಕ್ತ ಗೊತ್ತಾಗುತ್ತಾ ಅಂತ. ಗೊತ್ತಾಗ್ಲಿಲ್ಲ. ಪಕ್ಕದ ಮನೆಯವನ ರಕ್ತ ಹಿಡ್ಕೊಂಡು ಕರಗಿ ನೀರಾದೆ. ಕಾಗದ ಓದಿ ಒಂದು ಕಣ್ಣಲ್ಲಿ ನಕ್ಕೆ, ಇನ್ನೊಂದು ಕಣ್ಣಿಂದು ಹೇಳಲ್ಲ.

ಈಗ ಒಂದು ಸಣ್ಣ ಕೆಲಸ ಇದೆ. ಗಟ್ಟಿ ಇರೋದು ನನ್ನದು, ಖಾಲಿ ಆಗಿರೋದು ಅವನದು. ಕರೆ ಬಂದಾಗ ಅವನನ್ನೇ ಕಳಿಸ್ಲಾ ಅಂತ ಒಂದು ಗಳಿಗೆ ಅನ್ನಿಸ್ತು. ಕಾರ್ಡಿನ ಫೋಟೋ ನೋಡಿ ಹಾಕ್ತಾರೆ, ಆಗಲ್ಲ ಅಂದ್ಕೊಂಡೆ. ನಿಜ ಹೇಳ್ಲಾ, ಸೂಜಿ ಎದುರಿಗೆ ಬಂದಾಗ ನನಗೂ ಬದುಕೋ ಆಸೆ ಆಯ್ತು. ನೀನು ಅಲ್ಲಿ ಒಳಗಿನಿಂದ ಸದ್ದಿಲ್ಲದೆ ಸರಿಮಾಡಿ ಅವನಿಗೆ ಕರೆ ಹೋಗೋ ಹಾಗೆ ಮಾಡು. ಹಾವೂ ಸಾಯಬಾರದು, ಕೋಲೂ ಮುರೀಬಾರದು.

ಬೈಯೋಕೆ ಫೋನೇ ಮಾಡು. ಬೈಸ್ಕೊಳ್ಳೋಕೆ ಕಾಯ್ತಿದೀನಿ.

ಇತಿ, ಗಟ್ಟಿ ರಕ್ತದವನು,
ಅಪ್ಪ


ಮೇ 19

ಅಪ್ಪನಿಗೆ,

ಕಾಗದ ಎರಡು ಸಲ ಓದಿದೆ. ಮೊದಲ ಸಲ ನಂಬಿಬಿಟ್ಟೆ. ಎರಡನೇ ಸಲ ನೀವು ಕಾಣಿಸಿದ್ರಿ.

ನಿಮ್ಮ ರಕ್ತ ಸೋತಿದೆ ಅಂತ ಕೇಳೋಕೆ ನಿಮಗೆ ಆಗ್ತಿಲ್ಲ. ಅದಕ್ಕೆ ಸೋತ ರಕ್ತ ಸ್ನೇಹಿತನದು, ಗೆದ್ದದ್ದು ನನ್ನದು ಅಂತ ಕಥೆ ಕಟ್ಟಿದೀರಿ. ಜೊತೆಗೆ ನಾನು ಮನಸ್ಸು ಬಿಚ್ಚಿ ಬರೆದ ಎರಡು ಸಾಲನ್ನ ಹಿಡಿದು ಆಡಿಸಬೇಕಿತ್ತು. ಆಡಿಸಿದ್ರಿ.

ನಿಮ್ಮ ಮಾತು ನಂಬಿ ಸೀಸೆ ಅದಲುಬದಲಾಗಿದೆ ಅಂತ ನಾನು ಮೇಲಿನವರಿಗೆ ಬರೀತೀನಿ ಅಂತಿಟ್ಕೊಳ್ಳಿ. ಇಡೀ ಪೆಟ್ಟಿಗೆಯ ಫಲಿತಾಂಶ ನಿಲ್ಲಿಸ್ತಾರೆ. ಆಗ ನೀವು ಹೊಟ್ಟೆ ಹಿಡ್ಕೊಂಡು "ಸುಮ್ನೆ ಅಂದೆ ಪುಟ್ಟೀ" ಅಂತೀರಿ. ನನ್ನ ಕೆಲಸ ಹೋಗುತ್ತೆ. ತಮಾಷೆಯ ಕೊನೇ ಸಾಲು ಅದೇ ಅಂತ ನನಗೆ ಗೊತ್ತು, ಹಳೇ ಗಿರಾಕಿ ನಾನು.

ನಿಜವೇ ಆಗಿದ್ರೆ ಕೇಂದ್ರ ನಿಮ್ಮ ಬೀದಿ ಕೊನೇಲಿದೆ. ಹೋಗಿ ಹೇಳಿ. ಅದಕ್ಕೆ ನಾನು ಬೇಕಿಲ್ಲ.

ಸಾಕಪ್ಪ.


ಜೂನ್ 7

ಪುಟ್ಟೀ,

ಹೋಗಿ ಹೇಳ್ದೆ. ಆಣೆ ಮಾಡಿ ಹೇಳ್ತೀನಿ, ಹೋಗಿ ಹೇಳ್ದೆ.

ನರ್ಸಮ್ಮ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ್ಲು. ಹೋದ ವರ್ಷ ಅವರ ಮೈಕಿನಲ್ಲಿ ದೊಡ್ಡ ಡಾಕ್ಟರ ದನಿಯಲ್ಲಿ "ಎಲ್ಲರೂ ಬಲಗಾಲಿನ ಚಪ್ಪಲಿ ಮಾತ್ರ ಬಿಚ್ಚಿ ಒಳಗೆ ಬನ್ನಿ" ಅಂದಿದ್ದೆ. ಎಲ್ಲರೂ ಬಿಚ್ಚಿದ್ರು, ದೊಡ್ಡ ಡಾಕ್ಟರೂ ಬಿಚ್ಚಿದ್ರು. ಅವಳಿಗೆ ಅದು ಮರೆತಿಲ್ಲ. "ಅಜ್ಜಾ, ಇವತ್ತು ಯಾವ ಕಾಲಿನ ಚಪ್ಪಲಿ?" ಅಂದ್ಲು. ಇಲ್ಲಮ್ಮ, ಇದು ನಿಜ ಅಂದೆ. ಪಕ್ಕದವಳನ್ನೂ ಕರೆದು "ಇವರ ಮುಖ ನೋಡು, ಅಳೋ ಹಾಗೆ ಮಾಡ್ತಾರೆ, ಎಷ್ಟು ಚೆನ್ನಾಗಿ ಮಾಡ್ತಾರೆ" ಅಂದ್ಲು. ಅವಳು ನಕ್ಕಿದ್ದು ಇದೇ ಮೊದಲು. ಎದ್ದು ಬಂದೆ. ಇನ್ನೊಂದು ಸಲ ಹೋಗಬೇಕಿತ್ತು. ಹೋಗಲಿಲ್ಲ.

ಅವನಿಗೇ ಹೇಳಬಹುದಲ್ಲ ಅಂತೀಯ. ಹೇಳೋಕೇ ಅವನ ಮನೆಗೆ ಹೋದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಯಾವುದೋ ಹಳೇ ಟೈಂಪೀಸು ಬಿಚ್ಚಿಟ್ಟಿದ್ದ. ನಾನು ಬಾಯಿ ತೆಗೆಯೋ ಮೊದಲೇ "ಬಾರಯ್ಯ ಸಡಿಲ ಸ್ಪ್ರಿಂಗು" ಅಂದ. "ಬದುಕಿನಲ್ಲಿ ಒಂದ್ಸಲ ನಿನ್ನ ಗೆದ್ದೆ ಕಣೋ. ನಿನ್ನ ಮಗಳೇ ಹೇಳಿದ್ದಾಳೆ, ಇನ್ನೇನು ಬೇಕು?" ಗಟ್ಟಿ ಅಂತ ಗೊತ್ತಾದ ಮೇಲೆ ಮಾಸ್ಕ್ ಬಿಸಾಡಿದ್ದಾನೆ. ಮಾರ್ಕೆಟ್ಟಿಗೆ ಹೋಗ್ತಾನೆ, ಸ್ಟೇಷನ್ ಬೆಂಚಿನ ಮೇಲೆ ಬಂದವರ ಹೋದವರ ಜೊತೆಯೆಲ್ಲ ಹರಟೆ. ಇಡೀ ಬೀದಿಗೆ ಅವನ ರಕ್ತದ ಸಮಾಚಾರ ಗೊತ್ತು. ಆ ಮುಖದ ಮೇಲಿದ್ದ ಸಂತೋಷ ಕಿತ್ಕೊಳ್ಳೋಕೆ ನನ್ನ ಕೈ ಬರಲಿಲ್ಲ. ಹಾಗಂತ ಬರೀತಿದೀನಿ. ನಿಜ ಏನಂದ್ರೆ, ಹೇಳಿದ್ರೆ ನನ್ನನ್ನ ಹೇಗೆ ನೋಡ್ತಾನೋ ಅಂತ ಹೆದರಿಕೆ. ಡೋಸು ನನ್ನ ತೋಳಲ್ಲಿದೆಯಲ್ಲ.

ನಿನ್ನೆ ನಗ್ತಾ ನಗ್ತಾ ಕೆಮ್ಮಿದ. ಧೂಳು ಅಂದ.

ಒಂದೇ ಒಂದು ಸಲ ನಂಬು. ಬೇಗ ಏನಾದ್ರೂ ಮಾಡು.

ಅಪ್ಪ


ಜೂನ್ 23

ಮಗಳೇ,

ಗಡಿಯಾರದವನು ಹೋದ. ಮೊನ್ನೆ ಮಧ್ಯಾಹ್ನ.

ಕೊನೆಗೆ ಉಸಿರಿಗೆ ಮೆಷಿನ್ ಹಾಕಿದ್ರು. ಗಾಜಿನ ಈಚೆ ಕಡೆ ತಂಗಿ, ನಾನು. ಡಾಕ್ಟರು ಹಾಳೆ ತಿರುವಿ ಹಾಕಿ, "ಏಪ್ರಿಲ್‌ನಲ್ಲಿ ಇಷ್ಟು ಗಟ್ಟಿ ಅಂತ ಬಂದಿದೆ, ಇಷ್ಟು ಬೇಗ ಹೇಗೆ ಇಳೀತು?" ಅಂದ್ರು. ತಂಗಿ ನನ್ನ ಕಡೆ ನೋಡಿದ್ಲು. ನಾನು ನೆಲ ನೋಡಿದೆ.

ಆವತ್ತು ನಿನಗೆ ಮತ್ತೆ ಮತ್ತೆ ಫೋನ್ ಮಾಡಿದೆ. ನನ್ನ ದನಿಯಲ್ಲೇ ಮಾತಾಡೋಕೆ.

ಅಪ್ಪ


ಜುಲೈ 12

ಅಪ್ಪ,

ಉಳಿದ ರಕ್ತವನ್ನ ನಾವು ಫ್ರಿಜ್ಜಿನಲ್ಲಿ ಇಟ್ಟಿರ್ತೀವಿ. ನಿಮ್ಮ ಹೆಸರಿನ ಸೀಸೆ ತೆಗೆದೆ. ನಿಮ್ಮದು ಓ ಗುಂಪು. ಅಮ್ಮನ ಆಪರೇಷನ್ ದಿನ ನೀವು ರಕ್ತ ಕೊಟ್ಟಿದ್ರಿ, ನನಗೆ ನೆನಪಿದೆ. ಸೀಸೆಯಲ್ಲಿದ್ದದ್ದು ಬಿ. ಮಾವನ ಹೆಸರಿನದರಲ್ಲಿ ಓ.

ಟೀ ಕುಡಿದು ಮುಗಿಸೋ ಅಷ್ಟು ಹೊತ್ತಿನ ಕೆಲಸ. ನಾನು ಕೂರೋ ಕುರ್ಚಿಯಿಂದ ಆ ಫ್ರಿಜ್ಜಿನ ಬಾಗಿಲು ಕೈಗೆ ಎಟುಕುತ್ತೆ. ಮೇ ತಿಂಗಳಲ್ಲಿ ನಿಮ್ಮ ಕಾಗದ ಓದಿದಾಗ್ಲೂ ಎಟುಕ್ತಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರು ಅಂತಾರಲ್ಲ, ಹಾಕಿದೆ. ಎಲ್ಲಾ ಬರೆದು ಮೇಲಿನವರಿಗೂ ಕೊಟ್ಟೆ. ಸೀಸೆ ನೋಡೋ ಕೆಲಸದಿಂದ ನನ್ನನ್ನ ಸೀಸೆ ತೊಳೆಸೋ ಕಡೆಗೆ ಹಾಕಿದ್ದಾರೆ.

ನಂಬೋ ಶಕ್ತಿ ನನ್ನಲ್ಲಿ ನೀವು ಉಳಿಸಲಿಲ್ಲ ಅಂತ ಬರೆದು ಕೈ ತೊಳ್ಕೋಬಹುದು. ಎರಡು ಸಲ 'ಸಾಕಪ್ಪ' ಅಂದವಳು ನಾನೇ. ಎರಡು ಸಲವೂ ಯಾರೋ ಸತ್ತರು. ಸಾಯಬೇಕಾದವರು ಮಾತ್ರ ಯಾವಾಗಲೂ ಗಟ್ಟಿ.

ನಿಮ್ಮ ಎಡತೋಳಲ್ಲಿ ಇರೋದು ಮಾವನ ಡೋಸು. ಆ ಕಡೆ ಮಗ್ಗುಲಿಗೆ ಮಲಗಿದಾಗ ಮೆಲ್ಲಗೆ ಮಲಗಿ.

ಅತ್ತೆಗೆ ಹೇಳಿದ್ರಾ?

ಮಗಳು


ಆಗಸ್ಟ್ 18

ಪುಟ್ಟೀ,

ಹೇಳಿಲ್ಲ. ಕೇಂದ್ರದವರು ಬಂದು ಸೀಸೆ ಬದಲಾಗಿತ್ತು, ನಮ್ಮ ಕಡೆ ಎಲ್ಲೋ ತಪ್ಪಾಗಿದೆ ಅಂತ ಕೈ ಮುಗಿದು ಹೋದ್ರು. ನಾನು ಅಲ್ಲೇ ಕೂತಿದ್ದೆ. ನನ್ನ ಹೆಸರು ಬರಲಿಲ್ಲ. ಬದಲಾಯಿಸಿದ್ದು ನಾನೇ ಅಂತ ಹೇಳ್ಕೊಂಡು ಬಂದ ಮುದುಕನನ್ನ ನಕ್ಕು ಕಳಿಸಿದ್ವಿ ಅಂತ ನರ್ಸಮ್ಮ ಹೇಗೆ ಹೇಳ್ತಾಳೆ ಪಾಪ.

ಹೊಸ ವಿಷಯ ಒಂದಿದೆ. ಯಾರಿಗೂ ಹೇಳೋ ಹಾಗಿಲ್ಲ, ನಿನಗೆ ಬರೀತೀನಿ.

ಅವನು ಹೋಗಿ ಸ್ವಲ್ಪ ದಿನಕ್ಕೆ ತಂಗಿ ಸಂಜೆ ಫೋನ್ ಮಾಡಿದ್ಲು. "ಅಣ್ಣ, ನಿಮಗೆ ಅವರ ದನಿ ಬರುತ್ತಲ್ಲ, ಒಂದ್ಸಲ ಮಾತಾಡಿ" ಅಂದ್ಲು. ಬೇಡಮ್ಮ ಅಂದೆ. "ಅವರಿದ್ದಾಗ ನನ್ನನ್ನ ಎಷ್ಟು ಸಲ ಏಮಾರಿಸಿದೀರಿ. ಈಗ ನಾನೇ ಕೇಳಿದ್ರೆ ಬೇಡವಾ?" ಅಂದ್ಲು. ಗಂಟಲು ಸರಿಮಾಡಿ, ಅವನ ಹಾಗೆ ಮೂಗಿನಿಂದ ಒಂದು ಉಸಿರು ಬಿಟ್ಟು, "ಏನೇ, ಊಟ ಆಯ್ತಾ?" ಅಂದೆ. ಅತ್ತ ಕಡೆ ಕುರ್ಚಿ ಎಳೆದು ಕೂತ ಸದ್ದು. ಆಮೇಲೆ "ಆಯ್ತು ರೀ" ಅಂದ್ಲು.

ಅವತ್ತಿಂದ ದಿನಾ. ದೀಪ ಹಾಕೋ ಹೊತ್ತಿಗೆ ಫೋನ್ ಬರುತ್ತೆ. ನಲ್ಲಿ ಸೋರ್ತಿದೆ ರೀ, ಟೈಂಪೀಸು ನಿಂತಿದೆ ರೀ. ಬಿಚ್ಚಿಟ್ಟ ಆ ಟೈಂಪೀಸು ಹಾಗೇ ಇದೆ ಪುಟ್ಟೀ. ನಾನು ಅವನ ದನಿಯಲ್ಲಿ ನಾಳೆ ನೋಡ್ತೀನಿ ಬಿಡು ಅಂತೀನಿ. ಮೊದಲು ಅಂದ್ಕೊಂಡೆ, ಬಿಡು, ಈ ವಿದ್ಯೆಯಿಂದ ಒಬ್ಬರಿಗಾದ್ರೂ ಉಪಕಾರ ಆಯ್ತು ಅಂತ. ಈಗ ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಕೆಮ್ಮಿದ್ರೂ ಅವನ ಕೆಮ್ಮೇ ಬರುತ್ತೆ.

ನಿಲ್ಲಿಸ್ಲಾ?

ಅಪ್ಪ


ಸೆಪ್ಟೆಂಬರ್ 1

ಅಪ್ಪ,

ನಿಲ್ಲಿಸಬೇಡಿ. ಯಾರನ್ನ ಕೇಳಿ ಶುರು ಮಾಡಿದ್ರಿ, ನನ್ನನ್ನ ಕೇಳಿ ನಿಲ್ಲಿಸೋಕೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ಅಮ್ಮ ನಿಮಗೆ ಹೇಳ್ತಿದ್ಲು. ಇಲಿ ಈಗ ಆಟ ಕೇಳ್ತಿದೆ. ಆಡಿ.

ಮಗಳು


ಅಕ್ಟೋಬರ್ 4

ಪುಟ್ಟೀ,

ನಿನ್ನೆ ಸಂಜೆ ನಲ್ಲಿಯ ಮಾತಿಲ್ಲ, ಟೈಂಪೀಸಿನ ಮಾತಿಲ್ಲ. ಫೋನ್ ಎತ್ತಿದ ಕೂಡಲೇ "ರೀ, ನಾನು ನೋಡಿದ್ದೆ" ಅಂದ್ಲು.

ಏನು ನೋಡಿದ್ದೆ ಅಂದೆ, ಅವನ ದನಿಯಲ್ಲಿ.

"ಅಣ್ಣ ಚೀಟಿ ಬದಲಾಯಿಸಿದ್ದು. ನಾನು ಹಿಂದಿನ ಸಾಲಲ್ಲಿ ಕೂತಿದ್ದೆನಲ್ಲ. ನೀವು ಕಣ್ಣು ಮುಚ್ಕೊಂಡಿದ್ರಿ. ಇನ್ನೇನು ಕಿತಾಪತಿ ಮಾಡ್ತಿದ್ದಾರೋ, ಆಮೇಲೆ ಅಣ್ಣನೇ ಹೇಳಿ ನಗಿಸ್ತಾರೆ ಅಂದ್ಕೊಂಡು ಬ್ಯಾಗಿನೊಳಗೆ ಮುಖ ಹಾಕಿ ನಕ್ಕೆ. ನಿಮ್ಮದು ಗಟ್ಟಿ ಅಂತ ಬಂದಾಗ ಒಂದು ಸಲ ಅನುಮಾನ ಬಂತು. ನೀವು ಅಷ್ಟು ಖುಷಿಯಾಗಿದ್ರಿ. ಕೇಳಲಿಲ್ಲ. ಏನಾದ್ರೂ ಹೇಳಿ ರೀ."

ಯಾವ ಮೈಕಿನ ಎದುರೂ ನನಗೆ ಹೀಗೆ ಬಾಯಿ ಒಣಗಿರಲಿಲ್ಲ. ಕೊನೆಗೆ ಅವನ ಹಾಗೆ ಉಸಿರು ಬಿಟ್ಟು, "ಹೋಗ್ಲಿ ಬಿಡೇ, ನಿನ್ನ ತಪ್ಪೇನಿದೆ, ಅವನದೂ ತಪ್ಪಿಲ್ಲ" ಅಂದೆ. ಅವನನ್ನೂ ಸೇರಿಸಿದೆ ಪುಟ್ಟೀ. ಸತ್ತವನ ಬಾಯಲ್ಲಿ ನನ್ನನ್ನ ನಾನೇ ಬಿಡಿಸ್ಕೊಂಡೆ.

ತಂಗಿ ದನಿ ಬದಲಾಯ್ತು. ಗಂಡನ ಜೊತೆ ಆಡೋ ದನಿ ಹೋಗಿ ನನ್ನ ಜೊತೆ ಆಡೋ ದನಿ ಬಂತು. "ಅಣ್ಣ, ಅವರು ಹಾಗೆ ಹೇಳ್ತಿರಲಿಲ್ಲ. ನಿಮ್ಮನ್ನ ಕ್ಷಮಿಸ್ತಿದ್ರು, ಅದು ಸರಿ. ನೀವು ಏನು ಮಾಡಿದ್ರೂ ಅವರಿಗೆ ಸಕ್ಕರೆ. ನನ್ನನ್ನ ಬಿಡ್ತಿರಲಿಲ್ಲ. ಕಟ್ಕೊಂಡವಳು ನೋಡಿಯೂ ಸುಮ್ನೆ ಕೂತಿದ್ಯಲ್ಲೇ ಅಂತ ಬಾಯಿಗೆ ಬಂದ ಹಾಗೆ ಬೈತಿದ್ರು. ಬೈಯಿರಿ."

ಆಗಲ್ಲಮ್ಮ ಅಂದೆ, ನನ್ನ ದನಿಯಲ್ಲಿ.

"ಅವರ ದನಿಯಲ್ಲಿ" ಅಂದ್ಲು. "ಸರಿಯಾಗಿ ಮಾಡಿ. ಇವತ್ತು ಆಗದಿದ್ರೆ ನಾಳೆ."

ಇವತ್ತು ಸಂಜೆ ಬೈದೆ. ಅವನು ಕೋಪ ಬಂದಾಗ ಅನ್ನೋ ಮಾತು ಒಂದೂ ಬಿಡದೆ ಎಲ್ಲಾ ಅಂದೆ. ಅತ್ತ ಕಡೆ ಅಳ್ತಿದ್ಲು. ನಿಲ್ಲಿಸಿದ್ರೆ "ಇನ್ನೂ ಇದೆ" ಅಂತಿದ್ಲು. ನಾನು ಮಾಡಿದ್ದಕ್ಕೆ ಅವಳನ್ನ ಬೈದೆ. ನಾಳೆ ಇದೇ ಹೊತ್ತಿಗೆ ಅಂದು ಫೋನ್ ಇಟ್ಲು.

ಪುಟ್ಟೀ, ಮೇ ತಿಂಗಳ ಡೋಸು ಈಗ ಇಳಿದಿರುತ್ತಲ್ಲ? ಇಳೀಲಿ. ಮತ್ತೆ ಹಾಕಿಸ್ಕೊಳ್ಳಲ್ಲ. ಈ ಸಲ ತಮಾಷೆ ಅಲ್ಲ.

ಅಪ್ಪ


ಅಕ್ಟೋಬರ್ 20

ಲೇ ಅಪ್ಪಾ,

ತಮಾಷೆ ಅಲ್ಲ ಅಂತ ಗೊತ್ತು. ಈ ಸಲ ನಂಬಿದೀನಿ. ಅದಕ್ಕೇ ಓಡಾಡಿ ಎಲ್ಲಾ ಗೊತ್ತು ಮಾಡಿದೀನಿ.

ನವೆಂಬರ್ ಮೊದಲ ಸೋಮವಾರ ಬೆಳಿಗ್ಗೆ ನಿನ್ನ ಡೋಸು. ಅತ್ತೆನೇ ಬಂದು ಕೈ ಹಿಡಿದು ಕರ್ಕೊಂಡು ಹೋಗ್ತಾಳೆ, ಹೇಳಿದೀನಿ, ಒಪ್ಪಿದ್ದಾಳೆ. ಟ್ರೇ ನಿನ್ನ ಕೈಗೆ ಎಟುಕದ ಕಡೆ ಇಡ್ತಾರೆ. ಇದು ಇಳಿಯೋ ಹೊತ್ತಿಗೆ ಮತ್ತೊಂದು, ಅದು ಇಳಿಯೋ ಹೊತ್ತಿಗೆ ಇನ್ನೊಂದು. ಒಂದನ್ನೂ ತಪ್ಪಿಸೋಕೆ ಬಿಡಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಚಳಿ ಬಿದ್ರೆ ಕುತ್ತಿಗೆಗೆ ಬಟ್ಟೆ ಸುತ್ಕೋ, ಬಿಸಿನೀರು ಕುಡಿ, ಗಂಟಲು ಕೆಡಬಾರದು, ದಿನಾ ಸಂಜೆ ಬೇಕು. ನೀನು ಇನ್ನೂ ಬಹಳ ವರ್ಷ ಇರಬೇಕು.

ಹೋದ ವಾರ ಅತ್ತೆಯ ಸೀಸೆಯೂ ಬಂದಿತ್ತು. ನನ್ನ ಜಾಗದಲ್ಲಿ ಈಗ ಸೀಸೆ ನೋಡೋ ಹುಡುಗಿಗೆ ಹೇಳಿ ಎರಡು ಸಲ ಹಾಕಿಸಿದೆ.

ಬಹಳ ಗಟ್ಟಿ ಇದೆ ಅಪ್ಪ.

ಪುಟ್ಟಿ